ಇಪ್ಪತ್ತಾರು ಮರಿ, ಒಂದೇ ಹೀಟರ್

ನಗಬೇಡಿ ಅಂದೆ. ಡಾಕ್ಟರು ಏನು ಹೇಳಿ ಕಳಿಸಿದ್ರು? ಕೆಮ್ಮೋದು ಬೇಡ, ಬಗ್ಗೋದು ಬೇಡ, ಕಣ್ಣೀರಂತೂ ಬೇಡವೇ ಬೇಡ, ಹೊಲಿಗೆ ಬಿಚ್ಚಿದ್ರೆ ಆ ಕಣ್ಣು ಹೋದ ಹಾಗೇ ಅಂತ. ಗುರುವಾರ ಪಟ್ಟಿ ತೆಗೀತಾರೆ, ಆಮೇಲೆ ಬೇಕಾದಷ್ಟು ನಗಿ. ಅಂಥದ್ದೇನು ಹೇಳಿದೆ ನಾನು? ಮೀನಿನ ಮರಿಗಳು ದಪ್ಪಗಾಗಿವೆ ಅಂದೆ, ಅಷ್ಟೇ. ಒಂಬತ್ತು ದಿನಕ್ಕೆ ಎಷ್ಟು ದಪ್ಪ ಆಗ್ತಾವೆ ಅಂತೀರಾ? ಆಗಿವೆ ರೀ. ಆಸ್ಪತ್ರೆ ಮಂಚದ ಮೇಲೆ ಮಲಗಿದ್ದ ನಿಮಗೇನು ಗೊತ್ತು.

ಹೂಂ, ಸಣ್ಣ ತೊಟ್ಟೀಲೇ ಇವೆ. ಮತ್ತೆಲ್ಲಿರ್ತಾವೆ? ದೊಡ್ಡ ತೊಟ್ಟಿ ಮುಚ್ಚಳಕ್ಕೆ ಗಾಜು ಕೊಯ್ಯೋಕೆ ಹೋಗಿ ಕಣ್ಣಿಗೆ ಚೂರು ನೆಟ್ಟುಕೊಂಡ್ರಿ. ಟವೆಲೆಲ್ಲ ರಕ್ತ. ಕಾರು ಹತ್ತೋವಾಗ್ಲೂ ನಿಮ್ಮದು ಅದೇ ಮಾತು. ಡಿಸ್ಕಸ್ ಮರಿ ಎರಡು ಬೆರಳಗಲ ಆಗೋವರೆಗೂ ಎರಡಡಿ ತೊಟ್ಟಿ ಸಾಕು, ದೊಡ್ಡದಕ್ಕೆ ಬಿಟ್ರೆ ಊಟ ಹುಡುಕೋಕಾಗದೆ ಸೊರಗ್ತಾವೆ. ತಳಕ್ಕೆ ಮರಳು ಹಾಕಬೇಡ. ದಿನಾ ಅರ್ಧ ನೀರು ಬದಲಾಯಿಸು, ಡ್ರಮ್ಮಲ್ಲಿ ಒಂದು ದಿನ ನಿಂತ ನೀರೇ ಆಗಬೇಕು. ಮೂವತ್ತು ಡಿಗ್ರಿಗಿಂತ ಕಮ್ಮಿ ಆಗಬಾರದು... ಪಾಠ ಸರಿಯಾಗಿ ಒಪ್ಪಿಸಿದ್ನಾ? ಮದುವೆಯಾಗಿ ಹನ್ನೊಂದು ವರ್ಷ, ನನಗೆ ಜ್ವರ ಬಂದಾಗ ಎಷ್ಟು ಡಿಗ್ರಿ ಅಂತ ಒಂದು ಸಲಾನೂ ಕೇಳಿದೋರಲ್ಲ ನೀವು.

ಬೇಜಾರಾಯ್ತಾ? ಸುಮ್ನೆ ಅಂದೆ, ಬಿಡಿ.

ಎಲ್ಲಿಗೆ ಏಳ್ತಿದೀರಿ? ಬೇಡ ರೀ. ಊಟ ಮಾಡಿ ಮಲಗಿ, ನಾಳೆ... ಅಯ್ಯೋ, ಕುರ್ಚಿ ಇದೆ ಅಲ್ಲಿ, ಎಡವ್ತೀರಿ. ಎರಡು ಕಣ್ಣಿಗೂ ಪಟ್ಟಿ ಕಟ್ಕೊಂಡು ಏನು ನೋಡ್ತೀರಿ? ನೀರಲ್ಲಿ ಕೈ ಇಡ್ತೀರಾ... ಗೊತ್ತು, ನೀವು ಕೈ ಇಟ್ರೆ ಸಾಕು, ಓಡಿ ಬಂದು ಬೆರಳು ಕಚ್ಚೋಕೆ ಶುರು ಮಾಡ್ತಾವೆ. ನನ್ನ ಕೈಗೆ ಒಂದೂ ಬರಲ್ಲ, ಅದೂ ಗೊತ್ತು. ಗುರುವಾರದವರೆಗೆ ತಡ್ಕೊಳ್ಳೋಕಾಗಲ್ವಾ? ಸರಿ. ನನ್ನ ತೋಳು ಹಿಡ್ಕೊಳ್ಳಿ. ನಿಧಾನ. ಬಗ್ಗಬೇಡಿ, ಇಲ್ಲಿ, ಸ್ಟೂಲ್ ಮೇಲೆ ಕೂತ್ಕೊಳ್ಳಿ.

ಗಾಳಿ ಪಂಪು ಕೇಳಿಸ್ತಾ? ಗುಳುಗುಳು ಅಂತಿದೆಯಲ್ಲ. ನೀರು ಬೆಚ್ಚಗಿದೆಯಾ? ಮೂವತ್ತಿದೆ, ಬೆಳಿಗ್ಗೆ ತಾನೆ ನೋಡಿದೀನಿ. ತಳ ಸವರಿ ನೋಡಿ, ಒಂದು ಚೂರು ಕಸ ಸಿಕ್ರೆ ಕೇಳಿ. ಹಾಂ, ಈಗ ಸ್ವಲ್ಪ ನಗಿ, ಪರವಾಗಿಲ್ಲ.

ಈಗ ತಾನೆ ತಿಂದಿವೆ, ಅದಕ್ಕೇ ಮೂಲೇಲಿವೆ. ಬರ್ತಾವೆ... ಒಂಬತ್ತು ದಿನ ಆಯ್ತಲ್ಲ, ಗುರುತು ಮರೆತಿರಬೇಕು. ಇಪ್ಪತ್ತಾರೂ ಇವೆ ರೀ, ಎಣಿಸಿದೀನಿ. ಕೈ ತೆಗೀಬೇಡಿ, ಇನ್ನೊಂದು ನಿಮಿಷ. ಅಗೋ, ಬಂತು ನೋಡಿ. ಕಿರುಬೆರಳ ಹತ್ರ. ಕಚ್ತಾ? ಇನ್ನೊಂದು ಬಂತು, ಹೆಬ್ಬೆರಳಿಗೆ. ನಾನು ಹೇಳಲಿಲ್ವಾ ನಿಮಗೆ...

ರೀ.

ಬಿಡಿ. ನೋವಾಗುತ್ತೆ, ಬಿಡಿ... ಮರಿ ಅಲ್ಲ ಅದು. ನನ್ನ ಬೆರಳು.

ಮರಿ ಒಂದೂ ಉಳೀಲಿಲ್ಲ ರೀ. ಗುರುವಾರದವರೆಗೆ ಹೇಗಾದ್ರೂ ಮುಚ್ಚಿಡೋಣ ಅಂತಿದ್ದೆ. ನಿಮ್ಮ ಕಣ್ಣಿಗೋಸ್ಕರ. ಆಸ್ಪತ್ರೆಗೂ ಮನೆಗೂ ಓಡಾಡಿ ಸಾಕಾಗಿತ್ತು ನನಗೆ, ಮೇಲಿಂದ ದಿನಾ ಈ ನೀರು. ದೊಡ್ಡ ತೊಟ್ಟಿ ಖಾಲಿ ಇತ್ತಲ್ಲ. ನೀರು ಜಾಸ್ತಿ ಇದ್ರೆ ಎರಡು ದಿನಕ್ಕೊಮ್ಮೆ ಬದಲಾಯಿಸಿದ್ರೂ ನಡೆಯುತ್ತೆ ಅಂದ್ಕೊಂಡೆ. ಡ್ರಮ್ಮಿನ ನೀರು ಅರ್ಧಕ್ಕೂ ಸಾಲಲಿಲ್ಲ, ಮಿಕ್ಕಿದ್ದು ನಲ್ಲೀದು ತುಂಬಿ ಮರಿಗಳನ್ನ ಅದಕ್ಕೆ ಬಿಟ್ಟೆ. ಹೀಟರ್ ಅದೇ ಒಂದು, ಸಣ್ಣದು. ಆಪರೇಷನ್ ದಿನ ನಿಮ್ಮ ಪಕ್ಕದಲ್ಲೇ ಇರಬೇಕು ಅಂತ ಹಾಗೆ ಮಾಡಿದೆ... ಇಲ್ಲ, ಅದೂ ಸುಳ್ಳು. ಅದರ ಮಾರನೇ ದಿನ ಮಾಡಿದ್ದು. ಮಾಡಿ, ಮಲಗಿಬಿಟ್ಟೆ. ದಿನವೆಲ್ಲ ನಿದ್ದೆ ಮಾಡಿದೆ ರೀ, ಎಷ್ಟು ಹಿತವಾಗಿತ್ತು ಗೊತ್ತಾ.

ಬೈಯಿರಿ. ಬೇಕಾದ್ರೆ ಹೊಡೀರಿ. ಅಳಬೇಡಿ ಮಾತ್ರ, ಕೈ ಮುಗೀತೀನಿ, ಅಳಬೇಡಿ.

ಎದ್ದು ನೋಡಿದ್ರೆ ಎಲ್ಲಾ ಕಪ್ಪಗಾಗಿ ಒಂದೇ ಮೂಲೇಲಿ ಒತ್ಕೊಂಡಿದ್ವು. ಕೈ ಇಟ್ಟೆ. ನೀರು ತಣ್ಣಗೆ ಕೊರೀತಿತ್ತು. ನನ್ನ ಕೈ ಬೆಚ್ಚಗಿತ್ತು ಅಂತ ಇರಬೇಕು... ಅವತ್ತು ನನ್ನ ಬೆರಳಿಗೂ ಬಂದ್ವು ರೀ. ಅಷ್ಟೂ ಬಂದ್ವು.