ಕುತ್ತಿಗೆ ಹಗುರ ಮಾಡಿದ ಗಾಡಿ

ಹೆಸರು: ಶೆಟ್ಟೆವ್ವ ಗಂಡ ಗಂಗಪ್ಪ ಹುಣಸಿಕಟ್ಟಿ. ವಯಸ್ಸು: 41 ವರ್ಷ. ಉದ್ಯೋಗ: ಒಕ್ಕಲುತನ ಹಾಗೂ ಕಬ್ಬಿನ ಗಾಣ. ಸಾಕಿನ್: ದೇಗಾಂವ, ಕಿತ್ತೂರು ಹತ್ತಿರ, ತಾಲೂಕು ಬೈಲಹೊಂಗಲ, ಜಿಲ್ಲಾ ಬೆಳಗಾವಿ.

ಯಾರೂ ಕರೆಯದೆ, ಯಾರೂ ಕಳಿಸದೆ ನಾನಾಗಿಯೇ ಸವದತ್ತಿ ಪೊಲೀಸ್ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಾನು ನನ್ನ ಗಂಡ ಹಾಗೂ ಗಂಡನ ತಮ್ಮ ನೀಲಪ್ಪನೊಂದಿಗೆ ಒಂದೇ ಮನೆಯಲ್ಲಿ ಇರುತ್ತೇನೆ. ನೀಲಪ್ಪನಿಗೆ 26 ವರ್ಷ. ಮದುವೆಯಾಗಿಲ್ಲ. ವಾಹನ ನಡೆಸುವ ಲೈಸೆನ್ಸ್ ಇದೆ. ದಿನಾಂಕ 19-1-1976ರಂದು ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ರಸ್ತೆಯ ಇಳಿಜಾರಿನಲ್ಲಿ ನಮ್ಮ ಗಾಣದ ಟ್ರೇಲರ್ ಉರುಳಿ, ಗಾಣಕ್ಕೆ ಕಬ್ಬು ಉಣಿಸುವ ಕೆಲಸದ ಆಳು ಯಮನಪ್ಪ ಸತ್ತಿದ್ದಾನೆ. ನೀಲಪ್ಪನು ಕುಡಿದು ಜೋರಾಗಿ ಓಡಿಸಿದ್ದರಿಂದ ಹೀಗಾಯಿತು ಎಂದು ಮರುದಿನ ಇದೇ ಠಾಣೆಯಲ್ಲಿ ಬರೆಸಲಾಗಿದೆ. ಬರೆಸಿದವರು ನನ್ನ ಗಂಡ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿ ಇಲ್ಲ. ಹೇಳಲೇಬೇಕು ಎಂದು ಸಾಹೇಬರು ಹೇಳಿದ್ದರಿಂದ ಮೇಲೆ ಹೇಳಿದ್ದೇನೆ. ಇನ್ನು ಮುಂದೆ ನಮ್ಮ ಯಜಮಾನರು ಎಂದೇ ಹೇಳುತ್ತೇನೆ. ಅವರು ಬರೆಸಿದ್ದು ಸುಳ್ಳು. ನಡೆದದ್ದು ಈ ಕೆಳಗಿನಂತೆ ಇದೆ.

ಕಬ್ಬು ಕಡಿಯುವ ದಿನಗಳಲ್ಲಿ ನಾವು ಊರೂರಿಗೆ ಗಾಣ ಒಯ್ದು ಹೊಲದಲ್ಲೇ ಕಬ್ಬು ಅರೆದು ಬೆಲ್ಲ ಮಾಡಿಕೊಡುತ್ತೇವೆ. ಕಬ್ಬಿಣದ ಮೂರು ಉರುಳಿನ ಗಾಣ, ಅದರ ಇಂಜಿನ್, ಬೆಲ್ಲ ಕಾಯಿಸುವ ಕಡಾಯಿ, ಇವನ್ನು ಮೊದಲೆಲ್ಲ ಬಿಚ್ಚಿ ಎರಡು ಚಕ್ಕಡಿಗಳಲ್ಲಿ ಹೇರುತ್ತಿದ್ದೆವು. ಚಕ್ಕಡಿ ಹೇರುವುದರಲ್ಲಿ ನಮ್ಮ ಯಜಮಾನರನ್ನು ಮೀರಿಸುವವರು ನಮ್ಮ ಭಾಗದಲ್ಲಿ ಇಲ್ಲ. ಭಾರ ಮುಂದಾದರೆ ನೊಗ ಎತ್ತಿನ ಹೆಗಲು ತಿನ್ನುತ್ತದೆ, ಅದಕ್ಕೆ ಭಾರವನ್ನು ಅಚ್ಚಿನ ಹಿಂದಕ್ಕೆ ಒಂದು ತುಸು ಸರಿಸಬೇಕು ಎನ್ನುತ್ತಿದ್ದರು. ನಮ್ಮ ಎತ್ತುಗಳ ಹೆಗಲ ಮೇಲೆ ಇಂದಿಗೂ ಒಂದು ಹುಣ್ಣಿನ ಕಲೆ ಇಲ್ಲ. ಎತ್ತಿನ ಬಗ್ಗೆ ಅವರಿಗೆ ಅಷ್ಟು ಕರುಣೆ. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ.

ಕಳೆದ ದೀಪಾವಳಿಯ ನಂತರ ಬೈಲಹೊಂಗಲದ ಕಮ್ಮಾರ ಮಡಿವಾಳೆಪ್ಪನು ನಮಗೆ ಒಂದು ಟ್ರೇಲರ್ ಕಟ್ಟಿಕೊಟ್ಟನು. ಎಲ್ಲ ಟ್ರೇಲರುಗಳ ಕೊಂಡಿ ವಾಹನದ ಹಿಂಬದಿಗೆ ಸಿಗುತ್ತದೆ. ಇದರದ್ದು ಹಾಗಲ್ಲ. ಇದರ ಕುತ್ತಿಗೆ ಕೊಕ್ಕರೆಯ ಕುತ್ತಿಗೆಯಂತೆ ಮೇಲೆದ್ದು, ಪಿಕಪ್ ವಾಹನದ ಬೆನ್ನಿನ ಮೇಲೆ ಬಂದು, ಅದರ ಹಿಂದಿನ ಗಾಲಿಗಳ ನೇರಕ್ಕೆ ಕೂರುತ್ತದೆ. ಬೆಳಗಾವಿಯ ಮಿಲಿಟರಿ ಕ್ಯಾಂಪಿನಲ್ಲಿ ಅಂಥದ್ದನ್ನು ನೋಡಿದ್ದೆ, ಹೊಲದ ಸಂದಿಗಳಲ್ಲಿ ತಿರುಗಿಸಲು ಇದೇ ಸರಿ ಎಂದು ಮಡಿವಾಳೆಪ್ಪನು ಹೇಳಿದ್ದನು. ಎಳೆಯಲು ಒಂದು ಪಿಕಪ್ ಬೇಕಾಯಿತು.

ಡಿಸೆಂಬರ್ ತಿಂಗಳಲ್ಲಿ ಮೂರು ವಾಹನಗಳನ್ನು ದೇಗಾಂವಕ್ಕೆ ತರಿಸಿ ಗುಡಿಯ ಮುಂದಿನ ಬಯಲಿನಲ್ಲಿ ನೋಡಿದೆವು. ಮೊದಲನೆಯದು ಮಿಲಿಟರಿಯವರು ಮಾರಿದ ಹಳೆಯ ದೊಡ್ಡ ಗಾಡಿ. ಎರಡನೆಯದು ರಾಮದುರ್ಗದ ಶೇಂಗಾ ವ್ಯಾಪಾರಿಯೊಬ್ಬರ ಉದ್ದ ಬೆನ್ನಿನ ಪಿಕಪ್. ಮೂರನೆಯದು ಕಿತ್ತೂರಿನ ಕಂತ್ರಾಟುದಾರರೊಬ್ಬರ ಗಿಡ್ಡ ಪಿಕಪ್. ನಮ್ಮ ಯಜಮಾನರು ಸಂತೆಯಲ್ಲಿ ಎತ್ತು ನೋಡುವ ಹಾಗೆ ಅವುಗಳ ಸುತ್ತ ಮೂರು ಸಲ ತಿರುಗಿದರು, ಬೆನ್ನು ತಟ್ಟಿದರು, ಹಿಂದೆ ಬಗ್ಗಿ ನೋಡಿದರು. ನೆರೆಮನೆಯ ಸಾವಂತ್ರೆವ್ವ ಮುದುಕಿ ಕಟ್ಟೆಯ ಮೇಲೆ ಕೂತು, "ಹಲ್ಲ ಎಣಸೋದ ಬಿಟ್ಟೀಯಲ್ಲೋ ಎಪ್ಪಾ" ಎಂದಳು. ಎಲ್ಲರೂ ನಕ್ಕೆವು. ಯಮನಪ್ಪನು ಎಲ್ಲರಿಗಿಂತ ಜೋರಾಗಿ ನಕ್ಕನು.

ಬಳಿಕ ನಮ್ಮ ಯಜಮಾನರು ಬಯಲಿನ ಬೇವಿನ ಕಟ್ಟೆಯ ಸುತ್ತ ಪ್ರತಿ ವಾಹನವನ್ನೂ ತಿರುಗಿಸಿ ತೋರಿಸಲು ಹೇಳಿದರು. ಅಲ್ಲಿ ನಮ್ಮ ಚಕ್ಕಡಿ ನಿಂತ ಜಾಗದಲ್ಲೇ ಎಂಬಂತೆ ತಿರುಗುತ್ತದೆ. ಮಿಲಿಟರಿ ಗಾಡಿ ಗೋಡೆಗೆ ಮೂತಿ ತಾಗಿಸಿತು. ಉದ್ದ ಪಿಕಪ್ ಎರಡು ಸಲ ಹಿಂದೆ ಸರಿದು ತಿರುಗಿತು. ಗಿಡ್ಡ ಪಿಕಪ್ ಒಂದೇ ಏಟಿಗೆ ಬುಗುರಿಯಂತೆ ತಿರುಗಿ ಬಂತು. ನೀಲಪ್ಪನು ಅಣ್ಣನ ಹತ್ತಿರ ಹೋಗಿ, ಟ್ರೇಲರಿನ ಕುತ್ತಿಗೆ ಹೊರಲು ಉದ್ದದ್ದೇ ಗಟ್ಟಿ, ಅದರ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ದಪ್ಪ ಇವೆ, ಹಿಂದೆ ಸರಿದು ತಿರುಗಿದರೆ ಏನು ಹೋಯಿತು ಎಂದು ಮೆಲ್ಲಗೆ ಹೇಳಿದನು. ಅದಕ್ಕೆ ಅವರು, "ಹಿಂದಕ್ಕ ಸರಿಯೋ ಎತ್ತ ನಮ್ಮ ಮನ್ಯಾಗ ಯಾವಾಗ ಕಟ್ಟೇವಿ ಹೇಳು" ಎಂದರು. ನಾಲ್ಕು ಮಂದಿಯ ಮುಂದೆ ಅಣ್ಣನಿಗೆ ಎದುರು ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಗಿಡ್ಡ ಪಿಕಪ್ ನಮ್ಮದಾಯಿತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದವಳು ನಾನೇ.

ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ಬಸಯ್ಯ ಎಂಬುವರ ಕಬ್ಬು ಅರೆಯಬೇಕಾಗಿತ್ತು. ದಿನಾಂಕ 17-1-1976ರಂದು ಗಾಣ ಹೇರಿಕೊಂಡು ಬೈಲಹೊಂಗಲಕ್ಕೆ ಬಂದೆವು. ಅಡುಗೆಗೆಂದು ನಾನೂ ಹೊರಟಿದ್ದೆ. ಮಡಿವಾಳೆಪ್ಪನು ಹೇಳಿದಂತೆ ಗಾಣವನ್ನು ಟ್ರೇಲರಿನ ಮುಂಭಾಗದಲ್ಲಿ ಬೋಲ್ಟ್ ಹಾಕಿ ಕೂರಿಸಲಾಗಿತ್ತು. ಭಾರಕ್ಕೆ ಪಿಕಪ್ಪಿನ ಹಿಂಬದಿ ಕುಸಿದು ಮೂತಿ ಮೇಲೆ ಎದ್ದಿತ್ತು. ಪೇಟೆಯ ಚಕ್ಕಡಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಾಗ ಗಾಡಿಕಾರರು ಸುತ್ತ ಕೂಡಿದರು. ಅವರಲ್ಲಿ ಕಾಡಪ್ಪ ಎಂಬುವನು, "ಗಂಗಪ್ಪಣ್ಣಾ, ನಿನ್ನ ಎತ್ತ ಮೊಣಕಾಲ ಊರೇತಲ್ಲೋ. ಹೆಗಲ ನೋಡೋ ಮಾರಾಯಾ, ಪಾಪ ಹತ್ತೀತು" ಎಂದನು. ಇನ್ನೊಬ್ಬನು ಒಂದು ಹಿಡಿ ಹುಲ್ಲು ತಂದು ಪಿಕಪ್ಪಿನ ಮೂತಿಯ ಮುಂದೆ ಹಿಡಿದನು. ನಮ್ಮ ಯಜಮಾನರು ನಗಲಿಲ್ಲ. ಎತ್ತಿನ ಹೆಗಲಿನ ವಿಷಯದಲ್ಲಿ ಮಂದಿ ಅವರನ್ನು ನೋಡಿ ನಕ್ಕದ್ದು ನನ್ನ ತಿಳಿವಳಿಕೆಯಲ್ಲಿ ಅದೇ ಮೊದಲು.

ಮರುದಿನ ರವಿವಾರ ಮುಂಜಾನೆ ಮಡಿವಾಳೆಪ್ಪನ ಕಮ್ಮಾರಸಾಲೆಗೆ ಹೋಗಿ, ಗಾಣವನ್ನು ಹಿಂದಕ್ಕೆ ಸರಿಸಲು ಹೊಸ ತೂತು ಹಾಕಿಕೊಡು ಎಂದು ಕೇಳಿದರು. ಮಡಿವಾಳೆಪ್ಪನು ಒಪ್ಪಲಿಲ್ಲ. ಕುತ್ತಿಗೆ ಒತ್ತುತ್ತಿದ್ದರೇನೇ ಪಿಕಪ್ಪಿನ ಗಾಲಿಗೆ ನೆಲದ ಹಿಡಿತ, ಇದು ಕುಸಿದದ್ದು ಪಿಕಪ್ ಸಣ್ಣದಾಗಿದ್ದಕ್ಕೆ, ಬೇಕಾದರೆ ಪಟ್ಟಿ ಹೆಚ್ಚಿಗೆ ಹಾಕುತ್ತೇನೆ, ಎರಡು ದಿನ ಕೊಡಿ ಎಂದು ಹೇಳಿದನು. ನೀಲಪ್ಪನೂ, ಅಣ್ಣಾ, ಇದು ಎತ್ತಲ್ಲ ಎಂದನು. ಅದಕ್ಕೆ ನಮ್ಮ ಯಜಮಾನರು ಹೇಳಿದ ಮಾತು ನನಗೆ ಇದ್ದ ಹಾಗೆ ನೆನಪಿದೆ. "ಎತ್ತಾರ ಇರಲಿ, ಮೋಟರಾರ ಇರಲಿ, ಕುತ್ತಿಗಿ ಅಂದ್ರ ಕುತ್ತಿಗೀನ. ನೀ ಹುಟ್ಟೋಕ್ಕಿಂತ ಮೊದ್ಲ ಗಾಡಿ ಹೇರೇನಿ ನಾನು" ಎಂದರು. ನೀಲಪ್ಪ ಹೂಂ ಅಂದನು. ಬೇರೆ ಕಡೆಯಿಂದ ಬೈರಿಗೆ ತರಿಸಿ ತಾವೇ ತೂತು ಕೊರೆದರು. ಗಾಣವನ್ನು ಅಚ್ಚಿನ ಹಿಂದಕ್ಕೆ ಸುಮಾರು ಎರಡು ಮೊಳ ಸರಿಸಿದರು. ಪಿಕಪ್ ಎದ್ದು ನೆಟ್ಟಗೆ ನಿಂತಿತು. ಅದೇ ಚಕ್ಕಡಿ ಸ್ಟ್ಯಾಂಡಿನ ಮುಂದೆ ಅದನ್ನು ಒಂದು ಸುತ್ತು ಹಾಕಿಸಿಯೇ ಊಟಕ್ಕೆ ಬಂದರು. ಹಳೆಯ ತೂತು, ಹೊಸ ತೂತು ಎರಡೂ ಟ್ರೇಲರಿನಲ್ಲಿ ಇವೆ. ಸಾಹೇಬರು ನೋಡಬಹುದು.

ದಿನಾಂಕ 19ರಂದು ಬೈಲಹೊಂಗಲ ಬಿಟ್ಟೆವು. ಅಂದು ಸೋಮವಾರ. ಸೋಮವಾರ ಬಸವಣ್ಣನ ದಿನವೆಂದು ನಾವು ಎತ್ತು ಹೂಡುವುದಿಲ್ಲ. ಇದೇನು ಎತ್ತೇ, ಹೊರಡಿರಿ ಎಂದು ನಮ್ಮ ಯಜಮಾನರೇ ಹೇಳಿದರು.

ಪಿಕಪ್ಪಿನಲ್ಲಿ ನೀಲಪ್ಪ, ನಡುವೆ ನಾನು, ಆ ಕಡೆ ನಮ್ಮ ಯಜಮಾನರು ಕೂತಿದ್ದೆವು. ಯಮನಪ್ಪ ಟ್ರೇಲರಿನ ಮೇಲೆ ಗಾಣದ ಹತ್ತಿರ ಇದ್ದನು. ಬೈಲಹೊಂಗಲ ದಾಟಿದ ಮೇಲೆ ಟ್ರೇಲರ್ ಬಾಲ ಅಲ್ಲಾಡಿಸಿದ ಹಾಗೆ ಅತ್ತಿತ್ತ ಹೊಯ್ದಾಡತೊಡಗಿತು. ಚಚಡಿಯಲ್ಲಿ ನೀರು ಕುಡಿಯಲು ನಿಂತಾಗ ನೀಲಪ್ಪನು, ಹಿಂದಿನ ಗಾಲಿಗಳು ಹಗುರಾಗಿವೆ, ಬ್ರೇಕ್ ಒತ್ತಿದರೆ ಜಾರುತ್ತವೆ ಎಂದು ಹೇಳಿ, ಯಮನಪ್ಪನಿಗೆ ಮುಂದೆ ಬಂದು ಕುತ್ತಿಗೆಯ ಮೇಲಾದರೂ ಕೂರು ಎಂದನು. ಯಮನಪ್ಪ ಎದ್ದು ಮುಂದೆ ಬಂದನು. ನಮ್ಮ ಯಜಮಾನರು ಅವನನ್ನು ನೋಡಿ, "ನೊಗದ ಮ್ಯಾಲ ಕುಂದರತಾರೇನೋ, ಖೋಡಿ? ಹಿಂದ ನಡಿ" ಎಂದು ಗದರಿಸಿದರು. ಯಮನಪ್ಪನು, "ತಮ್ಮ ಮುಂದ ಅಂತಾನ, ಅಣ್ಣ ಹಿಂದ ಅಂತಾನ, ನಾ ಏನ ಟಾಂಗಾದ ಕುದರಿ ಏನ್ರೀ" ಎಂದು ನಗುತ್ತ ಹಿಂದೆ ಹೋಗಿ ಕಡಾಯಿಗೆ ಒರಗಿ ಕೂತನು.

ಸವದತ್ತಿಯಲ್ಲಿ ಚಹಾ ಕುಡಿದೆವು. ನೀಲಪ್ಪನೂ ಚಹಾ ಕುಡಿದನು. ಅದನ್ನು ಬಿಟ್ಟು ಬೇರೆ ಏನೂ ಕುಡಿದಿಲ್ಲ. ಮುಂಜಾನೆಯಿಂದ ಸಂಜೆಯವರೆಗೆ ನಾನು ಅವನ ಭುಜಕ್ಕೆ ಭುಜ ತಾಗಿಸಿ ಕೂತವಳು. ಹುಟ್ಟಿದಂದಿನಿಂದ ಅವನು ಸೆರೆ ಮುಟ್ಟಿಲ್ಲ. ಮನೆಯಲ್ಲಿ ಹಾಗೆ ಮುಟ್ಟಿದವರು ಯಾರು ಎಂದು ಸಾಹೇಬರು ಕೇಳಿದರು. ಅದು ಈ ಕೇಸಿಗೆ ಬೇಕಿಲ್ಲ ಎಂದು ಹೇಳಿದೆ.

ಸವದತ್ತಿಯಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಇಳಿಜಾರು ಇದೆ. ಆಗ ಹೊತ್ತು ನಾಲ್ಕು ಗಂಟೆಯ ಸುಮಾರು. ನೀಲಪ್ಪನು ಇಳಿಜಾರಿನ ತಲೆಯಲ್ಲೇ ವಾಹನ ನಿಧಾನ ಮಾಡಿದನು. ನಮಗಿಂತ ಮುಂದೆ ಒಬ್ಬ ಸೈಕಲ್ಲಿನವನಿದ್ದ, ಅವನನ್ನು ಕೂಡ ನಾವು ದಾಟಿರಲಿಲ್ಲ. ಅರ್ಧ ಇಳಿದಾಗ ಹಿಂದಿನಿಂದ ಯಾರೋ ನೂಕಿದ ಹಾಗಾಯಿತು. ನೀಲಪ್ಪ ಬ್ರೇಕ್ ಒತ್ತಿದನು. ಗಾಲಿಗಳು ನಿಂತವು, ಪಿಕಪ್ ನಿಲ್ಲಲಿಲ್ಲ. ಪಿಕಪ್ಪಿನ ಹಿಂಬದಿ ಎದ್ದು ಎಡಕ್ಕೆ ಹೋಯಿತು. ಟ್ರೇಲರ್ ಬಲಕ್ಕೆ ಬಂದು ನಮ್ಮ ಪಕ್ಕಕ್ಕೇ ನಿಂತ ಹಾಗೆ ಕಂಡಿತು. ಆ ಗಿಡ್ಡ ಪಿಕಪ್ ಅಲ್ಲಿಯೂ ಚೆನ್ನಾಗಿಯೇ ತಿರುಗಿತು. ನೀಲಪ್ಪನು, "ಯಮನ್ಯಾ, ಜಿಗಿಯೋ" ಎಂದು ಕೂಗಿದ್ದು ಕೇಳಿದೆ. ಆಮೇಲೆ ಟ್ರೇಲರ್ ಮಗುಚಿತು. ನಾನು ಹೊರಗೆ ಬಂದಾಗ ಗಾಣ ರಸ್ತೆಯ ಪಕ್ಕದ ಜೋಳದ ಹೊಲದಲ್ಲಿ ಬಿದ್ದಿತ್ತು. ಯಮನಪ್ಪ ಅದರ ಕೆಳಗೆ ಇದ್ದನು. ಅವನ ಒಂದು ಕೈ ಮಾತ್ರ ಕಾಣುತ್ತಿತ್ತು. ಹೊಲದವರು ಹಗ್ಗ ತಂದು ಗಾಣ ಎತ್ತುವ ತನಕ ನಾನು ಆ ಕೈ ಹಿಡಿದು ಕೂತಿದ್ದೆ. ಮೊದಲು ಬೆಚ್ಚಗಿತ್ತು.

ನೀಲಪ್ಪನ ಬಲಗೈ ಮುರಿದಿತ್ತು. ನಮ್ಮ ಯಜಮಾನರಿಗೆ ಹಣೆ ತರಚಿತ್ತು. ಸವದತ್ತಿಯ ದವಾಖಾನೆಗೆ ಬಂದೆವು. ಅಂದು ಸಂಜೆ ದವಾಖಾನೆಯ ಅಂಗಳದಲ್ಲಿ ನಮ್ಮ ಯಜಮಾನರು ನನ್ನನ್ನು ಬದಿಗೆ ಕರೆದು, ನೀಲಪ್ಪ ಕುಡಿದಿದ್ದ ಎಂದು ಹೇಳೋಣ, ಅವನೂ ಒಪ್ಪಿದ್ದಾನೆ ಎಂದರು. ನಾನು ಯಾಕೆ ಎಂದು ಕೇಳಿದೆ. "ಅವಗ ಹೆಂಡ್ತಿಲ್ಲ, ಮಕ್ಕಳಿಲ್ಲ. ಒಂದೀಟ ದಿನ ಒಳಗ ಕುಂತ ಬಂದ್ರ ಏನ ಕಳಕೊಂತಾನ? ನಾ ಹ್ವಾದ್ರ ಹಿರೇತನ ಹೋಗ್ತೈತಿ. ಗಂಗಪ್ಪಗ ಗಾಡಿ ಹೇರಾಕ ಬರಲಿಲ್ಲ ಅಂತ ನಾಳೆ ಊರ ಮಂದಿ ಅಂದ್ರ ನಾ ಹೆಂಗ ಬಾಳ್ಲಿ?" ಎಂದರು. ಸತ್ತವನ ಹೆಸರು ಆ ಮಾತಿನಲ್ಲಿ ಒಂದು ಸಲವೂ ಬರಲಿಲ್ಲ.

ಮರುದಿನ ಯಮನಪ್ಪನ ಹೆಂಡತಿ ಕೃಷ್ಣವ್ವ ಮೊದಲ ಬಸ್ಸಿಗೆ ಬಂದಳು. ಕುಡುಕ ಡ್ರೈವರ್ ಕೊಂದ ಎಂದು ಆಕೆಗೆ ಊರಲ್ಲೇ ಮುಟ್ಟಿಸಲಾಗಿತ್ತು. ಅವಳು ನೇರವಾಗಿ ನೀಲಪ್ಪನ ಮಂಚದ ಹತ್ತಿರ ಹೋಗಿ, "ನನ್ನ ಮಕ್ಕಳ ಬಾಯಾಗ ಮಣ್ಣ ಹಾಕಿದ್ಯಲ್ಲೋ, ಭಾಡ್ಯಾ" ಎಂದು ಕಾಲಿನ ಚಪ್ಪಲಿ ತೆಗೆದು ಅವನ ಮುಖಕ್ಕೆ ಹೊಡೆದಳು. ನೀಲಪ್ಪ ಚೆನ್ನಾಗಿದ್ದ ಕೈಯನ್ನೂ ಅಡ್ಡ ಹಿಡಿಯಲಿಲ್ಲ. ನಮ್ಮ ಯಜಮಾನರು ಅಲ್ಲೇ ನಿಂತಿದ್ದರು. ಅವರು ಕೃಷ್ಣವ್ವನ ತಲೆಯ ಮೇಲೆ ಕೈ ಇಟ್ಟು, "ತಡಕೋ ತಂಗಿ, ದೇವ್ರ ಅದಾನ" ಎಂದು ಹೇಳಿ ಕಣ್ಣು ಒರೆಸಿಕೊಂಡರು. ಕಣ್ಣಿನಲ್ಲಿ ನೀರು ಇದ್ದದ್ದು ನಿಜ. ಅದನ್ನು ನೋಡಿದ ಮೇಲೆಯೇ ನಾನು ಠಾಣೆಗೆ ಬರುವುದೆಂದು ಗಟ್ಟಿ ಮಾಡಿದೆ.

ಇಂದು ಮುಂಜಾನೆ ಬರುವ ಮುಂಚೆ ನೀಲಪ್ಪನಿಗೆ ತಿಳಿಸಿದೆ. ಅವನು ಅತ್ತಿಗೆಯಾದ ನನಗೆ, "ಬ್ಯಾಡ್ರಿ ವೈನಿ. ಅಣ್ಣ ಮಾತ ಆಡ್ಯಾನ, ನಾ ಹೂಂ ಅಂದೇನಿ. ನೀವು ಹೇಳಿದ್ರ, ನಮ್ಮ ವೈನಿ ಹೇಳೋದ ಸುಳ್ಳ ಅಂತೇನಿ ನೋಡ್ರಿ" ಎಂದನು. ಅವನು ಹಾಗೆ ಅಂದರೆ ಅದನ್ನೂ ಬರೆದುಕೊಳ್ಳಬೇಕು. ಬೈಲಹೊಂಗಲದಲ್ಲಿಯೂ ಅವನು ಹೀಗೆಯೇ ಹೂಂ ಅಂದಿದ್ದನು. ಕಮ್ಮಾರ ಮಡಿವಾಳೆಪ್ಪನನ್ನೂ ಗಾಡಿಕಾರ ಕಾಡಪ್ಪನನ್ನೂ ಕರೆಸಿ ಕೇಳಿದರೆ ನನ್ನ ಮಾತು ಹೊಂದುತ್ತದೆ.

ಈ ಹೇಳಿಕೆಯನ್ನು ಓದುವಾಗ ಕೃಷ್ಣವ್ವ ಎದುರಿಗೆ ಇರಬೇಕು ಎಂದು ಕೇಳಿಕೊಂಡೆ. ನಾನೇ ಕರೆತಂದು ಠಾಣೆಯ ಹೊರಗೆ ಕೂರಿಸಿದ್ದೆ, ಆಕೆಯನ್ನು ಒಳಗೆ ಕರೆಸಿದರು. ಹವಾಲ್ದಾರರು ಮೊದಲಿನಿಂದ ಕೊನೆಯವರೆಗೆ ಓದಿದರು. ಆಕೆ ಸೆರಗು ಬಾಯಿಗೆ ಹಿಡಿದು ಕೇಳಿದಳು. ಓದಿ ಮುಗಿದ ಮೇಲೆ ನನ್ನ ಕಡೆ ತಿರುಗಿ, "ಹಂಗಾರ ಅಕ್ಕಾ, ಗಾಡಿ ನೆಟ್ಟಗ ಕಾಣ್ಲಿ ಅಂತ ನನ್ನ ಗಂಡ ಸತ್ತಾ?" ಎಂದು ಕೇಳಿದಳು.

ಹೌದು ಎಂದು ಹೇಳಿದ್ದೇನೆ. ಅದನ್ನೂ ಸೇರಿಸಿಕೊಳ್ಳಬೇಕು.

ನಾನು ಹೇಳಿದ್ದನ್ನೇ ಬರೆದಿದ್ದಾರೆ. ಯಾರ ಅಂಜಿಕೆಗೂ ಯಾರ ಆಸೆಗೂ ಹೇಳಿದ್ದಲ್ಲ. ಇದರಲ್ಲಿ ಇರುವುದೆಲ್ಲ ನಿಜ ಎಂದು ಒಪ್ಪಿ ಹೆಬ್ಬೆಟ್ಟು ಒತ್ತಿದ್ದೇನೆ.

ಸ್ಥಳ: ಸವದತ್ತಿ
ದಿನಾಂಕ: 22-1-1976

ಶೆಟ್ಟೆವ್ವ ಗಂಡ ಗಂಗಪ್ಪ ಹುಣಸಿಕಟ್ಟಿ, ಇವರ ಎಡಗೈ ಹೆಬ್ಬೆಟ್ಟಿನ ಗುರುತು