ಮಂಜು ಹಿಡಿಯಲು ಕಟ್ಟಿದ ಸೀರೆ

ನಾನು ಅಂಬವ್ವ ಕೋಂ ಅಡಿವೆಪ್ಪ, ವಯಸ್ಸು 66 ವರ್ಷ, ನಿವೃತ್ತ ಭೂಗೋಳ ಶಿಕ್ಷಕಿ, ಊರು ಗದಗ, ಹಾಲಿ ವಾಸ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಗಳು ದೀಪ್ತಿಯ ಮನೆ. ಇಂಗ್ಲಿಷಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆಂದು ಕನ್ನಡದಲ್ಲೇ ಬರೆದು ತಿಳಿಸುವುದೇನೆಂದರೆ:

ಕಳೆದ ಮೇ ತಿಂಗಳಲ್ಲಿ ನಾನು ಪ್ರವಾಸಿ ತಂಡದೊಂದಿಗೆ ಆಫ್ರಿಕಾದ ನಮೀಬ್ ಮರುಭೂಮಿಗೆ ಹೋಗಿದ್ದೆ. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಚುಕ್ಕೆ ಇಟ್ಟು ಕಲಿಸಿದ ಮರುಭೂಮಿ ಅದಲ್ಲವೇ ಅಲ್ಲ. ಬೆಳಗಿನ ಬಿಸಿಲಿಗೆ ಮರಳಿನ ದಿಬ್ಬದ ಒಂದು ಮೈ ಕೆಂಪು, ಇನ್ನೊಂದು ಮೈ ಕಪ್ಪು. ನಡುವಿನ ಗೆರೆಯ ಮೇಲೆ ಉದ್ದ ಕೊಂಬಿನ ಓರಿಕ್ಸ್ ಜಿಂಕೆಯೊಂದು ಯಾರ ಹಂಗೂ ಇಲ್ಲದಂತೆ ನಡೆದುಹೋಯಿತು. ಮರುದಿನ ಬೆಳಿಗ್ಗೆ 7.20ಕ್ಕೆ, ಸಮುದ್ರದ ಕಡೆಯ ದಿಬ್ಬದಲ್ಲಿ, ಹೆಬ್ಬೆರಳ ಉಗುರಿನಷ್ಟು ದೊಡ್ಡ ಕರೀ ಜೀರುಂಡೆ ನೆತ್ತಿಗೇರಿ, ತಲೆ ಕೆಳಗೆ ಮಾಡಿ, ಮಂಜಿಗೆ ಬೆನ್ನೊಡ್ಡಿ ನಿಂತಿತು. ಹನಿ ಕೂಡಿ ಬೆನ್ನಿನಿಂದ ಬಾಯಿಗೆ ಇಳಿಯಿತು. ನಾನು ಮಂಡಿಯೂರಿ ನೋಡಿದೆ. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಇದನ್ನು ನನ್ನ ಮೊಮ್ಮಗಳು ನಿಹಾರಿಕಾ, ಆರು ವರ್ಷ, ನಿನ್ನೆ ಸಮ್ಮರ್ ಕ್ಯಾಂಪಿನಲ್ಲಿ ಹೇಳಿದಳು. ಮಂಜನ್ನು ಯಾರಾದರೂ ಕುಡಿಯುತ್ತಾರೆಯೇ ಎಂದು ಮಕ್ಕಳೆಲ್ಲ ನಕ್ಕರಂತೆ. ಸಂಜೆ ಬಂದು, "ಅಜ್ಜಿ, ಯು ಮೇಡ್ ಇಟ್ ಅಪ್", ಅಂದರೆ ಅದು ನಾನೇ ಕಟ್ಟಿದ ಕತೆ, ಎಂದು ಬಾಗಿಲು ಹಾಕಿಕೊಂಡಳು. ಊಟಕ್ಕೂ ನನ್ನ ಪಕ್ಕ ಕೂರಲಿಲ್ಲ.

ಈ ದಿನ ಬೆಳಿಗ್ಗೆ 5.45ಕ್ಕೆ ಮನೆಯಿಂದ 400 ಮೀಟರ್ ದೂರದ ಗುಡ್ಡದ ಪಾರ್ಕಿನಲ್ಲಿ ಎರಡು ಕಂಬಗಳ ನಡುವೆ ನನ್ನ ಹಳೆಯ ನೈಲಾನ್ ಸೀರೆ ಬಿಗಿದು, ಕೆಳ ಅಂಚಿಗೆ ತಾಮ್ರದ ತಂಬಿಗೆ ಇಟ್ಟೆ. ನಮೀಬಿನ ಮಂಜೂ ತಣ್ಣನೆಯ ಸಮುದ್ರದಿಂದ ಬರುವುದು, ಇಲ್ಲಿಯದೂ ಹಾಗೆಯೇ. 7.10ಕ್ಕೆ ಜಾಗಿಂಗಿಗೆ ಬಂದವರೊಬ್ಬರು ಹೆದರಿ ಪೊಲೀಸರಿಗೆ ಫೋನ್ ಮಾಡಿದರು. ಆ ಮಂಜಿನಲ್ಲಿ ಸೀರೆ ಅವರಿಗೆ ಏನಾಗಿ ಕಂಡಿತೋ. ಅವರದು ತಪ್ಪಿಲ್ಲ. ಪಾರ್ಕಿನಲ್ಲಿ ಏನನ್ನೂ ಕಟ್ಟಬಾರದೆಂಬ ನಿಯಮ ನನಗೆ ಗೊತ್ತಿರಲಿಲ್ಲ. 7.25ಕ್ಕೆ ಅಧಿಕಾರಿಯೊಬ್ಬರು ಬಂದು ಸೀರೆ, ತಂಬಿಗೆ ಎರಡನ್ನೂ ವಶಕ್ಕೆ ತೆಗೆದುಕೊಂಡು ನನ್ನನ್ನು ಠಾಣೆಗೆ ಕರೆತಂದರು. ತಂಬಿಗೆಯಲ್ಲಿ ಏನಿದೆ ಎಂದು ಎರಡು ಸಲ ಕೇಳಿದರು. ಠಾಣೆಗೆ ಬಂದ ದೀಪ್ತಿ ಜೀರುಂಡೆಯಿಂದ ಹಿಡಿದು ಎಲ್ಲವನ್ನೂ ಅವರಿಗೆ ವಿವರಿಸಿದಳು.

ಸೀರೆ ಬೇಕಾದರೆ ಇಟ್ಟುಕೊಳ್ಳಲಿ, ದಂಡವನ್ನೂ ಕಟ್ಟುತ್ತೇನೆ. ತಂಬಿಗೆಯಲ್ಲಿ ಎರಡು ಬೆರಳು ನೀರಿದೆ. ಅದು 11 ಗಂಟೆಗೆ ನಿಹಾರಿಕಾಳ ಕ್ಯಾಂಪಿಗೆ ಹೋಗಬೇಕು. ನಾನು ನೇರವಾಗಿ ಅಧಿಕಾರಿಗೆ ಹೇಳಿದ್ದು ಇಷ್ಟೇ: "ಚೆಲ್ಲಬ್ಯಾಡ್ರಿ." ಇದನ್ನು ಬರೆಯುವ ಹೊತ್ತಿಗೆ ಅವರು ತಂಬಿಗೆಗೆ ಒಂದು ಮುಚ್ಚಳ ಹುಡುಕುತ್ತಿದ್ದಾರೆ.

ಮೇಲೆ ಬರೆದದ್ದೆಲ್ಲ ನಿಜ. ಜೀರುಂಡೆಯದೂ ನಿಜ.

ಸ್ಥಳ: ಸೌತ್ ಸ್ಯಾನ್ ಫ್ರಾನ್ಸಿಸ್ಕೋ
ದಿನಾಂಕ: 22 ಜುಲೈ 2025, ಬೆಳಿಗ್ಗೆ 8.50
ಸಹಿ/- ಅಂಬವ್ವ