ಅಧ್ಯಕ್ಷರ ಕಂಪ್ಯೂಟರಿನ ಲೈಸೆನ್ಸ್

ಜಮಖಂಡಿ ಬಸ್ ನಿಲ್ದಾಣದಲ್ಲಿ ಬೀಳಗಿ ಬಸ್ಸಿಗೆ ಕಾದು ಕುಳಿತಿದ್ದ ಶಂಕ್ರೆವ್ವನ ಪಕ್ಕ ಇಬ್ಬರು ಬಂದು ಕುಳಿತರು. ಹುಡುಗಿ ವೈಶಾಲಿ ಬನಹಟ್ಟಿಯ ನೇಕಾರರ ಸಂಘವೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು, ಪರಮಾನಂದ ಅಲ್ಲಿಯ ಹಿರಿಯ ಗುಮಾಸ್ತ ಎಂಬುದು ಮಾತಿನಲ್ಲೇ ತಿಳಿಯಿತು.

“ಸೀರಿ ಡಿಸೈನ್ ಸಾಫ್ಟ್‌ವೇರಿಗೆ ಐದ ಲೈಸೆನ್ಸ್ ಅದಾವ್ರಿ ಕಾಕಾ, ಐದ ಕಂಪ್ಯೂಟರಿನ್ಯಾಗಷ್ಟ ನಡೀತೈತಿ. ಯಾರು ಎಷ್ಟು ಬಳಸ್ತಾರಂತ ಮೂರು ತಿಂಗಳು ಬರದಿಟ್ಟೇನಿ. ಒಂದು ಅಧ್ಯಕ್ಷರ ಕಂಪ್ಯೂಟರಿನ್ಯಾಗ ಐತಿ, ಅವರು ಅದನ್ನ ಒಂದಿನಾನೂ ತಗದು ನೋಡಿಲ್ಲ.”

“ತಗೀಲಿಲ್ಲಂದ್ರ ಏನಾತವ್ವಾ? ಅವರು ಅಧ್ಯಕ್ಷರು.”

“ನಮ್ಮ ಡಿಸೈನರ್ ಹುಡುಗಿ ಪೂನಮ್, ಸೆರಗಿನ ಡಿಸೈನ್ ಮಾಡಾಕ ದಿನಾ ಮಧ್ಯಾಹ್ನದ ತನಕಾ ಪಾಳಿ ಕಾಯಾಕತ್ತಾಳ್ರಿ. ಅವರ ಲೈಸೆನ್ಸ್ ತಗದು ಆಕಿಗೆ ಕೊಡ್ತೇನಿ.”

“ಆಕಿಗೊಂದು ಕಳ್ಳ ಕಾಪಿ ಹಾಕಿಕೊಡು. ಯಾರಿಗೆ ಗೊತ್ತಾಕ್ಕೈತಿ?”

“ನನಗ ಗೊತ್ತಾಕ್ಕೈತಲ್ರಿ.”

“ಅಧ್ಯಕ್ಷರು ಸಿಟ್ಟಾದ್ರ?”

“ಆಗ್ಲಿ. ಇವತ್ತ ಈ ಪಟ್ಟಿ ಅವರ ಮುಂದ ಇಡ್ತೇನಿ.”

ಪರಮಾನಂದ ಅವಳ ಕೈಯಲ್ಲಿದ್ದ ಪಟ್ಟಿಯತ್ತ ಬಗ್ಗಿ ನೋಡಿದ. ಅವಳನ್ನು ತಡೆಯುತ್ತಾನೇನೋ ಎಂದು ಶಂಕ್ರೆವ್ವನಿಗೆ ಕಸಿವಿಸಿಯಾಯಿತು. ಅಷ್ಟರಲ್ಲಿ ಬನಹಟ್ಟಿ ಬಸ್ ಬಂತು.

“ಇತ್ತ ಕೊಡು ಪಟ್ಟಿ,” ಎಂದ ಆತ. “ನಿನ್ನ ಒಬ್ಬಾಕಿ ಸಹಿ ಇದ್ರ ನಿನಗಷ್ಟ ಬೈತಾರ.”

ಹಾಳೆಯನ್ನು ತೊಡೆಯ ಮೇಲಿಟ್ಟು ಸಹಿ ಹಾಕಿ, ಅವಳಿಗಿಂತ ಮೊದಲೇ ಬಸ್ ಹತ್ತಿದ.